ನೆರೆ ಪರಿಹಾರಕ್ಕೆ ರೊಕ್ಕ ಹಾಕುವ ಮುನ್ನ ಖಾತೆ ಯಾರದು ನೋಡಿ

ಕಲಬುರಗಿಯಲ್ಲಿ ಟ್ರಸ್ಟ್ ಮತ್ತು ಸಂಘಗಳ ಲೆಕ್ಕಪತ್ರ ತಪಾಸಣೆ ಮಾಡುವುದು ನನ್ನ ಕೆಲಸ. ಭೀಮಾ ಉಕ್ಕಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಬರುತ್ತದೆ: "ಸಾಹೇಬ್ರ, ವಾಟ್ಸಾಪ್‌ನ್ಯಾಗ ಒಂದು ಕ್ಯೂಆರ್ ಕೋಡ್ ಬಂದದ, ರೊಕ್ಕ ಹಾಕಬಹುದೇನ್ರಿ?" 2020ರ ಅಕ್ಟೋಬರ್‌ನಲ್ಲೂ 2025ರ ಸೆಪ್ಟೆಂಬರ್‌ನಲ್ಲೂ ಅಫಜಲಪುರ, ಜೇವರ್ಗಿ ಕಡೆ ಹೊಲ-ಮನೆಗೆ ನೀರು ನುಗ್ಗಿತ್ತು. ಶರಣಬಸವೇಶ್ವರರ ದಾಸೋಹ ಕಂಡ ಊರು ನಮ್ಮದು. ಕೇಳಿದವರಿಗೆ ಇಲ್ಲ ಅನ್ನಲು ನಮಗೆ ಮನಸ್ಸು ಬರುವುದಿಲ್ಲ. ಮೋಸಗಾರರಿಗೂ ಅದು ಗೊತ್ತು.

ಬಂದ ಫೋಟೋ ನಿಜವೇ ಇರಬಹುದು. ಮುಳುಗಿದ ಮನೆ, ಅಳುವ ಅಜ್ಜಿ ಎಲ್ಲವೂ ನಿಜ. ಅದರ ಕೆಳಗೆ ಅಂಟಿಸಿದ ಕೋಡ್ ಮಾತ್ರ ಬೇರೆಯವರದು. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿಯಿತಲ್ಲ, ಆಗ ಕೇರಳ ಸರ್ಕಾರ ದುರ್ಬಳಕೆ ಆಗಬಹುದೆಂದು ತನ್ನ ಪರಿಹಾರ ನಿಧಿಯ ಕ್ಯೂಆರ್ ಕೋಡನ್ನೇ ಹಿಂದಕ್ಕೆ ಪಡೆಯಿತು. 2020ರಲ್ಲಿ ಪಿಎಂ ಕೇರ್ಸ್ ನಿಧಿ ಶುರುವಾದ ಕೂಡಲೇ, ಅದರ ಯುಪಿಐ ಐಡಿಯಲ್ಲಿ ಒಂದೇ ಒಂದು 'ಎಸ್' ಅಕ್ಷರ ಬಿಟ್ಟು ನಕಲಿ ಐಡಿ ಮಾಡಿದ್ದರು.

ಆದ್ದರಿಂದ ನಾನು ಹೇಳುವುದು ಇಷ್ಟೇ: ಪಿನ್ ಒತ್ತುವ ಮುನ್ನ ಪರದೆಯ ಮೇಲೆ ಬರುವ ಹೆಸರು ಓದಿ. ಬ್ಯಾಂಕಿನಲ್ಲಿ ದಾಖಲಾದ ಹೆಸರನ್ನೇ ಯುಪಿಐ ಆ್ಯಪ್‌ಗಳು ತೋರಿಸಬೇಕೆಂದು 2025ರ ಜೂನ್ ಕೊನೆಯಿಂದ ನಿಯಮವಿದೆ. ಪೋಸ್ಟರ್‌ನಲ್ಲಿ ಟ್ರಸ್ಟ್ ಹೆಸರಿದ್ದು, ಪರದೆಯಲ್ಲಿ ಯಾರೋ ಒಬ್ಬರ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ.

ರಸೀದಿಯನ್ನೂ ಹೀಗೇ ನೋಡಬಹುದು. ನಿಜವಾದ ಟ್ರಸ್ಟ್‌ನ ನೋಂದಣಿ ನಂಬರ್ ಕದ್ದು ಸ್ವಂತ ಖಾತೆ ನಂಬರ್ ಹಾಕುವುದು ಕಷ್ಟದ ಕೆಲಸವಲ್ಲ. ಹಾಗಾಗಿ ನಂಬರ್ ಕಂಡ ಮಾತ್ರಕ್ಕೆ ನಂಬಬೇಡಿ. ನೋಂದಣಿ, ಪ್ಯಾನ್, ಬ್ಯಾಂಕ್ ಖಾತೆ ಮೂರರಲ್ಲೂ ಒಂದೇ ಹೆಸರಿರಬೇಕು. ಪ್ಯಾನ್‌ನ ನಾಲ್ಕನೇ ಅಕ್ಷರ ನೋಡಿ. 'ಪಿ' ಇದ್ದರೆ ಅದು ಒಬ್ಬ ವ್ಯಕ್ತಿಯದು, 'ಟಿ' ಇದ್ದರೆ ಟ್ರಸ್ಟ್‌ನದು. ನಮ್ಮಂಥ ಲೆಕ್ಕದವರು ಮೊದಲು ನೋಡುವುದೇ ಇದನ್ನು. ನೀವೂ ನೋಡಬಹುದು, ಇದಕ್ಕೇನು ಓದು ಬೇಕಿಲ್ಲ ಅಲ್ವಾ?

ಇನ್ನು ತೆರಿಗೆ ವಿನಾಯಿತಿ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಅದು ಸಿಗುತ್ತದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದೂ ಇಲ್ಲ. "ನಗದೇ ಕೊಡಿ, ರಸೀದಿ ಆಮೇಲೆ" ಅನ್ನುವವರಿಗೆ ಕೊಡಬೇಡಿ.

ಓಣಿಯ ಹುಡುಗರು ತಮ್ಮದೇ ಫೋನ್‌ಪೇ ನಂಬರ್‌ಗೆ ಹಣ ಕೂಡಿಸುವುದುಂಟು. ಅವರೆಲ್ಲ ಕಳ್ಳರಲ್ಲ. ನೀರಿಗಿಳಿದು ಜನರನ್ನು ಕರೆತಂದವರೂ ಅವರೇ. ಆದರೆ ಮನೆ ಖರ್ಚು ಮತ್ತು ದೇಣಿಗೆ ಒಂದೇ ಖಾತೆಯಲ್ಲಿ ಬೆರೆತರೆ, ಪ್ರಾಮಾಣಿಕ ಹುಡುಗನೂ ನಾಳೆ ಲೆಕ್ಕ ಕೊಡಲಾಗದೆ ಊರಿನ ಮಾತು ಕೇಳಬೇಕಾಗುತ್ತದೆ. ಇಬ್ಬರು ಸೇರಿ ಬೇರೆ ಜಂಟಿ ಖಾತೆ ತೆರೆಯಿರಿ, ಬಂದದ್ದು, ಹೋದದ್ದು, ಬಿಲ್ಲು ಎಲ್ಲವನ್ನೂ ವಾಟ್ಸಾಪ್ ಗುಂಪಿನಲ್ಲಿ ಹಾಕಿ ಎಂದು ನಾನು ಅವರಿಗೆ ಹೇಳುತ್ತೇನೆ. ರೊಕ್ಕವೇ ಬೇಕೆಂದಿಲ್ಲ. ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ, ಕಾಳಜಿ ಕೇಂದ್ರಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಚಾದರ ನೇರವಾಗಿ ಮುಟ್ಟಿಸಬಹುದು. ಮುಖ್ಯಮಂತ್ರಿ ಪರಿಹಾರ ನಿಧಿಗೆ ಹಾಕುವುದಾದರೆ ಬಂದ ಲಿಂಕ್ ಒತ್ತಬೇಡಿ. 'ಗವ್ ಡಾಟ್ ಇನ್' ಎಂದು ಮುಗಿಯುವ ಸರ್ಕಾರಿ ವಿಳಾಸವನ್ನು ನೀವೇ ಟೈಪ್ ಮಾಡಿ. "ರಸೀದಿ ಇದರಲ್ಲಿದೆ" ಎಂದು ಎಪಿಕೆ ಫೈಲ್, ಅಂದರೆ ಫೋನ್‌ಗೆ ಆ್ಯಪ್ ಹಾಕುವ ಫೈಲ್ ಕಳಿಸಿದರೆ ತೆರೆಯಲೇಬೇಡಿ. ಅದರಿಂದ ಪೂರ್ತಿ ಫೋನೇ ಅವರ ಕೈಗೆ ಹೋಗಬಹುದು.

ಹಣ ಹೋಗಿಬಿಟ್ಟಿದ್ದರೆ? ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ವ್ಯವಹಾರದ ಯುಟಿಆರ್ ನಂಬರ್ (ಪ್ರತಿ ಪಾವತಿಗೂ ಆ್ಯಪ್‌ನಲ್ಲಿ ಕಾಣುವ ಗುರುತಿನ ನಂಬರ್) ಕೈಯಲ್ಲಿರಲಿ. ಬ್ಯಾಂಕಿಗೂ ತಿಳಿಸಿ, ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೂ ದೂರು ಕೊಡಿ. ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಯಲು ಸಾಧ್ಯ, ತಡವಾದಷ್ಟೂ ಅದು ಬೇರೆ ಬೇರೆ ಖಾತೆಗೆ ಹರಿದುಹೋಗುತ್ತದೆ. ಇನ್ನೂರು ರೂಪಾಯಿಗೆ ಯಾಕೆ ದೂರು ಎಂದು ಬಹಳ ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಅದೇ ಕೋಡ್‌ಗೆ ನಿಮ್ಮ ಹಾಗೆ ಇನ್ನೂ ಎಷ್ಟೋ ಜನ ಹಾಕುತ್ತಿರುತ್ತಾರೆ. ನಿಮ್ಮ ದೂರಿನಿಂದ ಆ ಖಾತೆ ಬಂದ್ ಆದರೆ ಅವರ ರೊಕ್ಕವೂ ಉಳಿಯುತ್ತದೆ.