ಸೀಲ್ ಮುನಿದಿಲ್ಲ, ಬ್ಯಾಟರಿ ಕಾದಿದೆ

ಮಕ್ಕಳು ಪುಣೆ, ಹೈದರಾಬಾದು ಸೇರಿದ ಮೇಲೆ ಕಲಬುರಗಿಯ ಮನೆಯಲ್ಲಿ ಒಬ್ಬರೇ ಉಳಿದ ಅವ್ವನಿಗೆ ಒಂದು ರೋಬಾಟ್ ತಂದಿಡೋಣ ಅನ್ನಿಸುವುದು ಸಹಜ. ಇಂಥವುಗಳಲ್ಲಿ ಹೆಸರುವಾಸಿಯಾದದ್ದು ಜಪಾನಿನ ಪಾರೊ, ಸುಮಾರು 2.7 ಕಿಲೋ ತೂಕದ, ಬಿಳಿ ತುಪ್ಪಳದ, ಸೀಲ್ ಎಂಬ ಕಡಲ ಪ್ರಾಣಿಯ ಮರಿಯಂಥ ಗೊಂಬೆ. ಅಲ್ಲಿನ ಎಂಜಿನಿಯರ್ ತಕನೊರಿ ಶಿಬಾಟ 1993ರಲ್ಲಿ ಕೈಹಾಕಿದ ಕೆಲಸ ಇದು. ಅವರು ಬೆಕ್ಕನ್ನೂ ಮಾಡಿ ನೋಡಿದ್ದರು. ಬೆಕ್ಕು ಎಲ್ಲರಿಗೂ ಗೊತ್ತಲ್ಲ, ಜನ ನಿಜದ ಬೆಕ್ಕಿಗೆ ಹೋಲಿಸಿ ತಪ್ಪು ಹುಡುಕಿದರು. ಸೀಲ್ ಮರಿಯನ್ನು ಮಡಿಲಲ್ಲಿ ಕೂರಿಸಿಕೊಂಡವರು ಎಷ್ಟು ಮಂದಿ?

ತುಪ್ಪಳದ ಕೆಳಗೆ ಸ್ಪರ್ಶ ಸೆನ್ಸರ್‌ಗಳಿವೆ. ಸವರಿದರೆ, ಅದಕ್ಕೆ ಮುಂಚೆ ಮಾಡಿದ್ದನ್ನೇ ಮತ್ತೆ ಮಾಡಲು ನೋಡುತ್ತದೆ, ಹೊಡೆದರೆ ಬಿಡುತ್ತದೆ. ಪ್ರೀತಿ ತುಂಬುವವರು ನಾವು. ಯಂತ್ರವೆಂದು ತಿಳಿಸಿ ಹೇಳಿದರೂ ಇದು ನಿಲ್ಲುವುದಿಲ್ಲ. 1966ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ಎಲೈಜಾ ಎಂಬ ಪ್ರೋಗ್ರಾಮ್ ಹೆಚ್ಚಾಗಿ ನಮ್ಮ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು. ಅದನ್ನು ಕಟ್ಟುವುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗಿಳಿದು, ನೀವು ಸ್ವಲ್ಪ ಹೊರಗಿರಿ ಎಂದು ವೈಜೆನ್‌ಬಾಮ್‌ಗೇ ಹೇಳಿದರು.

ನಿಜವಾದ ತೊಡಕು ಬೇರೆ ಕಡೆ ಇದೆ. ಯಂತ್ರದ ದೋಷವೂ ಅದರ ಮನಸ್ಸಿನಂತೆ ಕಾಣತೊಡಗುತ್ತದೆ. ಲಿಥಿಯಂ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿ ದಾಟಿದರೆ ಚಾರ್ಜ್ ಮಾಡುವಂತಿಲ್ಲ. ಮೇ ತಿಂಗಳ ಕಲಬುರಗಿಯಲ್ಲಿ ಹೊರಗೇ 42, ಮೇಲೆ ಮೋಟಾರಿನ ಕಾವು, ತುಪ್ಪಳದ ಕಂಬಳಿ. ಸರ್ಕ್ಯೂಟ್ ಚಾರ್ಜಿಂಗ್ ನಿಲ್ಲಿಸುತ್ತದೆ, ಸಂಜೆಗೆ ಗೊಂಬೆ ಸುಮ್ಮನೆ ಬಿದ್ದಿರುತ್ತದೆ. "ಯಾಕೋ ಸಿಟ್ಟಾಗ್ಯಾದ, ನಾ ಏನಾರ ಅಂದ್ನೇನು?" ಎಂದು ಅವ್ವ ಕೊರಗುವುದು ಆಗ. ನಸುಕಿನಲ್ಲಿ, ಶಹಾಬಾದ್ ಕಲ್ಲಿನ ತಂಪು ನೆಲದ ಮೇಲಿಟ್ಟು ಚಾರ್ಜ್ ಮಾಡಿ. ತಗಡಿನ ಮಾಡಿನ ಕೆಳಗೆ ಬೇಡ. ಸುಮ್ಮನಾದರೆ ಕಾದಿದೆ ಎಂದರ್ಥ ಅಂತ ಮೊದಲ ದಿನವೇ ಹೇಳಿಡಿ.

ಮಾತಾಡುವ ರೋಬಾಟಿನ ಕಥೆ ಇನ್ನೂ ಕಷ್ಟ. ಬರಹದ ಕನ್ನಡದಲ್ಲಿ ಪಳಗಿದ್ದಾದರೆ "ಉಣ್ಲಾಕತ್ತೀನಿ" ಅಂದಾಗ ಎಡವುತ್ತದೆ. "ಅರ್ಥವಾಗಲಿಲ್ಲ" ಎಂದು ಮೂರು ಸಲ ಕೇಳಿಸಿಕೊಂಡ ಅವ್ವ ತನ್ನ ನಾಲಿಗೆಯನ್ನೇ ತಿದ್ದಿಕೊಳ್ಳುತ್ತಾಳೆ. ಸುಳ್ಳು ಪ್ರೀತಿಗಿಂತ ಇದು ದೊಡ್ಡ ಅನ್ಯಾಯ. ಕೊಳ್ಳುವ ಮುನ್ನ ಅವರಿಂದಲೇ ಮಾತಾಡಿಸಿ ನೋಡಬೇಕು, ಅಂಗಡಿಯ ಹುಡುಗನಿಂದಲ್ಲ.

ಅಮೆರಿಕದ ಜೀಬೊ ಎಂಬ ಮಾತಾಡುವ ರೋಬಾಟ್ 2017ರಲ್ಲಿ ಮನೆಗಳಿಗೆ ಬಂತು. ಇಂಟರ್ನೆಟ್ ಮೂಲಕ ತಾನು ನೆಚ್ಚಿಕೊಂಡಿದ್ದ ಕಂಪನಿಯ ಸರ್ವರ್ ಮುಚ್ಚುವ ಸುದ್ದಿಯನ್ನು 2019ರಲ್ಲಿ ತಾನೇ ಹೇಳಿ ವಿದಾಯ ಕೋರಿತು. ಆದ್ದರಿಂದ ಅವ್ವನ ಕೈಗೆ ಕೊಡುವ ಮುನ್ನ ಒಂದು ದಿನ ರೌಟರ್ ಆರಿಸಿ, ಏನೇನು ಉಳಿಯುತ್ತದೆ ನೋಡಿ. ಮೈಕ್ ಬಂದ್ ಮಾಡುವ ಗುಂಡಿ ಮೈಮೇಲೇ ಇರಲಿ. ಆ್ಯಪ್‌ನಲ್ಲಿ ಮಾತ್ರ ಇದ್ದರೆ ಅದು ಮಗನ ಕೈಯಲ್ಲಿದ್ದಂತೆ. ನೆರೆಮನೆಯಾಕೆ ಸೊಸೆಯ ಚಾಡಿ ಹೊತ್ತು ಬಂದಾಗ ಆ ಗುಂಡಿ ಎಲ್ಲಿದೆ ಎಂಬುದು ಅವ್ವನಿಗೆ ತಡಕಾಡದೆ ಸಿಗಬೇಕು.