ಕೊಯ್ಲು ನಾಲ್ಕು ದಿನಕ್ಕೊಮ್ಮೆ, ಕಾಯಬೇಕಾದ್ದು ನಲವತ್ತು ದಿನ: ಪಾಲಿಹೌಸ್ ಕ್ಯಾಪ್ಸಿಕಂನಲ್ಲಿ ಔಷಧಿ ಉಳಿಯುವುದೇಕೆ?

ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಮನೆಯೊಳಗೆ ಬೆಳೆದ ತರಕಾರಿ ಹೊಲದ್ದಕ್ಕಿಂತ ಶುದ್ಧ ಎಂಬ ನಂಬಿಕೆ ಕೊಳ್ಳುವವರಲ್ಲಿದೆ. ದೂಳು, ಕಲೆ, ಹುಳುಕು ಕಡಿಮೆ, ನಿಜ. ಕೀಟನಾಶಕದ ಶೇಷಾಂಶದ, ಅಂದರೆ ಕಾಯಿಯಲ್ಲಿ ಉಳಿಯುವ ಔಷಧಿಯ ಮಾತು ಬೇರೆ.

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿ ಹಿಟ್ಟಿನಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದಿಂದ ಹುಟ್ಟಿದ್ದು 1968ರ ಕೀಟನಾಶಕ ಕಾಯ್ದೆ. 2006ರಲ್ಲಿ ಆಹಾರ ಸುರಕ್ಷತಾ ಕಾಯ್ದೆ ಬಂತು. ಅದರ ಹಿಂದುಮುಂದಲ್ಲೇ, 2005-06ರಲ್ಲಿ ಶುರುವಾದ ರಾಷ್ಟ್ರೀಯ ತೋಟಗಾರಿಕೆ ಮಿಷನ್ನಿನ ಸಹಾಯಧನದಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಪಾಲಿಹೌಸ್‌ಗಳು ಎದ್ದವು. ಕಬ್ಬಿಣದ ಪೈಪಿಗೆ, 200 ಮೈಕ್ರಾನ್ ಹಾಳೆಗೆ ದುಡ್ಡು ಸಿಕ್ಕಿತು. ಒಳಗೆ ಹೊಡೆಯುವ ಔಷಧಿಯ ನಿಯಮ ಮಾತ್ರ ಬಯಲು ಬೆಳೆಯದ್ದೇ ಉಳಿಯಿತು.

ತೊಡಕಿನ ಬೇರು ಇಲ್ಲಿದೆ. ಬಯಲಿನಲ್ಲಿ ಮಳೆ ಔಷಧಿಯನ್ನು ತೊಳೆಯುತ್ತದೆ, ಬಿಸಿಲಿನ ನೇರಳಾತೀತ ಕಿರಣ ಒಡೆಯುತ್ತದೆ. ಹಾಳೆಯ ಕೆಳಗೆ ಮಳೆಯಿಲ್ಲ, ಆ ಕಿರಣವನ್ನು ಹಾಳೆಯೇ ತಡೆಯುತ್ತದೆ. ಬಿಸಿಲಿಗೆ ಬೇಗ ಕರಗಬೇಕಾದ ಸ್ಪಿನೋಸ್ಯಾಡ್, ಅಬಾಮೆಕ್ಟಿನ್‌ನಂಥ ಕೀಟನಾಶಕಗಳೂ ಒಳಗೆ ಹೆಚ್ಚು ದಿನ ನಿಲ್ಲುತ್ತವೆ. ಅದೇ ಬೆಚ್ಚನೆಯ ವಾತಾವರಣದಲ್ಲಿ ರಸ ಹೀರುವ ಸಣ್ಣ ಪೀಡೆಗಳಾದ ಥ್ರಿಪ್ಸ್, ನುಸಿ ಬೇಗಬೇಗ ಪೀಳಿಗೆ ಹೆಚ್ಚಿಸುತ್ತವೆ. ಹೀಗಾಗಿ ಔಷಧಿ ಹೊಡೆಯುವ ಸರದಿಯೂ ಹೆಚ್ಚುತ್ತದೆ.

ಇದರ ಮೇಲೆ ಕೊಯ್ಲಿನ ಒತ್ತಡ. ಕ್ಯಾಪ್ಸಿಕಂ ಹಿಡಿದ ಮೇಲೆ ಮೂರು-ನಾಲ್ಕು ದಿನಕ್ಕೊಮ್ಮೆ ಕೀಳಬೇಕು. ಕ್ಯಾಪ್ಸಿಕಂಗೆಂದೇ ನೋಂದಣಿಯಾದ ಔಷಧಿ ಕಡಿಮೆ. ಬೆಳೆಗಾರ ಮೆಣಸಿನಕಾಯಿಯ ಲೇಬಲ್ ನೋಡಿ ಹೊಡೆಯುತ್ತಾನೆ. ಆ ಲೇಬಲ್ಲಿನಲ್ಲಿ ಕೊಯ್ಲಿಗೆ ಮುಂಚೆ ಕಾಯಬೇಕಾದ ಅವಧಿ ಸ್ಪಿನೋಸ್ಯಾಡ್‌ಗೆ 3 ದಿನ, ಫಿಪ್ರೊನಿಲ್‌ಗೆ 7 ದಿನ, ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್‌ಗೆ (ಶೇ. 17.8ರ ದ್ರಾವಣ) 40 ದಿನ. ನಲವತ್ತು ದಿನದೊಳಗೆ ಹತ್ತು ಕೊಯ್ಲು ಮುಗಿದಿರುತ್ತದೆ! ಕಾಯಿ ಗಿಡದಲ್ಲೇ ಬಿಟ್ಟರೆ ನಷ್ಟ, ಕಿತ್ತರೆ ಶೇಷಾಂಶಕ್ಕೆ ಕಾನೂನು ಇಟ್ಟ ಮಿತಿ ಮೀರುವ ಭಯ. ಮಿತಿಯೇ ನಿಗದಿಯಾಗದ ಔಷಧಿ–ಬೆಳೆ ಜೋಡಿಗೆ ಕಿಲೋಗೆ 0.01 ಮಿಲಿಗ್ರಾಂ ಎಂಬ ಸಾಮಾನ್ಯ ಮಿತಿ, ಅಂದರೆ ಹತ್ತು ಕೋಟಿಯಲ್ಲಿ ಒಂದು ಭಾಗ. ಇಮಿಡಾಕ್ಲೋಪ್ರಿಡ್ ಅಂತರ್ವ್ಯಾಪಿ, ಗಿಡದ ರಸದೊಳಗೇ ಓಡಾಡುತ್ತದೆ. ಅಡುಗೆಮನೆಯ ಉಪ್ಪುನೀರಿಗೆ ಅದು ಬಿಡುವುದಿಲ್ಲ.

ಸ್ಪೇನಿನ ಅಲ್ಮೇರಿಯಾ ಪ್ರಾಂತ್ಯಕ್ಕೂ ಇದೇ ಗತಿ ಬಂದಿತ್ತು. 2006ರ ಕೊನೆಯಲ್ಲಿ ಜರ್ಮನಿಯ ಪ್ರಯೋಗಾಲಯಗಳು ಅಲ್ಲಿನ ಕ್ಯಾಪ್ಸಿಕಂನಲ್ಲಿ ಅನುಮತಿಯಿಲ್ಲದ ಐಸೊಫೆನ್‌ಫಾಸ್-ಮೀಥೈಲ್ ಎಂಬ ಕೀಟನಾಶಕ ಪತ್ತೆಹಚ್ಚಿದವು. ಖರೀದಿದಾರರು ಬೆನ್ನುತಿರುಗಿಸುವ ಭಯಕ್ಕೆ, ಕೆಲವೇ ಹಂಗಾಮಿನಲ್ಲಿ ಬಹುಪಾಲು ಕ್ಯಾಪ್ಸಿಕಂ ಮನೆಗಳು ಥ್ರಿಪ್ಸ್ ತಿನ್ನುವ ಓರಿಯಸ್ ತಿಗಣೆ, ಸ್ವಿರ್ಸ್ಕಿ ಎಂಬ ಬೇಟೆಗಾರ ನುಸಿಗಳ ಕಡೆ ಹೊರಳಿದವು. ಪರಭಕ್ಷಕ ಕೀಟಗಳನ್ನು ಸಾಕಿ ವಾರವಾರ ತಲುಪಿಸುವ ಕಂಪನಿಗಳು ಅಲ್ಲಿ ಮೊದಲೇ ಇದ್ದವು ಎಂಬುದನ್ನು ಮರೆಯಬಾರದು.

ನಮ್ಮಲ್ಲಿ ಅಂಥ ಪೂರೈಕೆ ತಾಲ್ಲೂಕಿನ ಔಷಧಿ ಅಂಗಡಿಯವರೆಗೆ ಬಂದಿಲ್ಲ. ಸದ್ಯಕ್ಕೆ ಕೈಗೆಟುಕುವುದು ಇಷ್ಟು: 40 ಮೆಶ್ (ಇಂಚಿಗೆ 40 ಕಣ್ಣಿನ) ಕೀಟಬಲೆ, ಒಂದರ ಹಿಂದೊಂದು ಎರಡು ಬಾಗಿಲು, ಥ್ರಿಪ್ಸ್‌ಗೆ ನೀಲಿ ಮತ್ತು ಬಿಳಿನೊಣಕ್ಕೆ ಹಳದಿ ಅಂಟುಬಲೆ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಬೇವಿನ ಸೋಪು. ಕಾಯುವ ಅವಧಿ ಉದ್ದವಿರುವ ಔಷಧಿಯನ್ನು ಹೂ ಬಿಡುವ ಮುಂಚೆಯೇ ಮುಗಿಸಬೇಕು. ಕಾಯಿ ಹಿಡಿದ ಮೇಲೆ ಹೊಡೆಯಲೇಬೇಕಾದರೆ ಮೊದಲು ಬಲಿತದ್ದನ್ನು ಕಿತ್ತು, ಅದೇ ಸಂಜೆ ಹೊಡೆಯಬೇಕು. ಆಗ ಮುಂದಿನ ಕೊಯ್ಲಿನವರೆಗಿನ ಪೂರ್ತಿ ಅಂತರ ಸಿಗುತ್ತದೆ. ಆ ಅಂತರ ಸಾಕೇ ಎಂದು ಹೇಳಬೇಕಾದ್ದು ಲೇಬಲ್. ಅದರಲ್ಲಿ ಪಾಲಿಹೌಸಿಗೆ ಬೇರೆ ಕಾಲಂ ಬರಬೇಕು, ಹಾಳೆಯ ಕೆಳಗೇ ಪರೀಕ್ಷೆ ಮಾಡಿ ಬರೆದದ್ದು.