ಅಸಿಸ್ಟೆಡ್ ಲಿವಿಂಗ್ ಅಂದರೆ ವೃದ್ಧಾಶ್ರಮವೇ?

ಅಮೆರಿಕದಲ್ಲಿರುವ ಮಗ ಫೋನಿನಲ್ಲಿ "ಪಕ್ಕದ ಮನೆ ಅಜ್ಜಿಯನ್ನು ನರ್ಸಿಂಗ್ ಹೋಮ್‌ಗೆ ಸೇರಿಸಿದರು" ಅನ್ನುತ್ತಾನೆ. ಮೈಸೂರಿನಲ್ಲಿರುವ ಅಮ್ಮ ಗಾಬರಿಯಾಗಿ ಕೇಳುತ್ತಾರೆ, "ಅಯ್ಯೋ, ಡಿಸ್ಚಾರ್ಜ್ ಯಾವಾಗಂತೆ?" ಅಮ್ಮನ ತಪ್ಪಲ್ಲ. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದರೆ ಹೆರಿಗೆ, ಅಪೆಂಡಿಕ್ಸ್ ಆಪರೇಷನ್ ಎಲ್ಲ ಆಗುವ ಚಿಕ್ಕ ಖಾಸಗಿ ಆಸ್ಪತ್ರೆ. ಅಲ್ಲಿ ಅದು ಹಾಸಿಗೆ ಹಿಡಿದವರು ವರ್ಷಗಟ್ಟಲೆ ಇರುವ ಜಾಗ.

ಹಿರಿಯರು ಮನೆ ಬಿಟ್ಟು ಹೋಗಿ ಇರುವ ಜಾಗಗಳಿಗೆಲ್ಲ ನಮ್ಮ ಹತ್ತಿರ ಇರುವುದು ಒಂದೇ ಪದ: ವೃದ್ಧಾಶ್ರಮ. ಅದು ಬಾಯಿಗೆ ಬಂತೋ, ಮನೆಯಲ್ಲಿ ಮಾತು ಅಲ್ಲಿಗೇ ನಿಂತಿತು. ಯಾರೂ ಇಲ್ಲದವರು ಹೋಗುವ ಜಾಗ ಅನ್ನುವ ಭಾವನೆ ಅದಕ್ಕೆ ಅಂಟಿಕೊಂಡಿದೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಹೇಳುವುದೂ ಅಂಥದ್ದನ್ನೇ. ಗತಿಯಿಲ್ಲದ ಹಿರಿಯರಿಗಾಗಿ ಸರ್ಕಾರ ಜಿಲ್ಲೆಗೆ ಒಂದಾದರೂ ಆಶ್ರಮ ತೆರೆಯಬಹುದು, ಅದರಲ್ಲಿ ಕನಿಷ್ಠ 150 ಮಂದಿಗೆ ಜಾಗ ಇರಬೇಕು. 'ತೆರೆಯಬೇಕು' ಅಲ್ಲ, 'ತೆರೆಯಬಹುದು' ಅಷ್ಟೇ.

ಈಗ ಜಾಹೀರಾತಿನಲ್ಲಿ ಕಾಣುವ 'ಸೀನಿಯರ್ ಲಿವಿಂಗ್' ಬೇರೆಯೇ ಲೋಕ. ಅಲ್ಲಿ ಫ್ಲ್ಯಾಟ್ ಅಥವಾ ವಿಲ್ಲಾ ಕೊಳ್ಳುತ್ತೀರಿ, ಇಲ್ಲವೇ ಡಿಪಾಸಿಟ್ ಕಟ್ಟಿ ಬಾಡಿಗೆಗೆ ಇರುತ್ತೀರಿ. ಊಟದ ಹಾಲ್, ವಾಕಿಂಗ್ ದಾರಿ, ಬಾತ್‌ರೂಮಿನಲ್ಲಿ ಹಿಡಿಕೆ, ಕರೆದರೆ ಬರುವ ಆಂಬುಲೆನ್ಸ್. ಕೈಕಾಲು ಗಟ್ಟಿ ಇರುವವರಿಗೆ ಇದು ಸರಿ. ನನ್ನ ಕೇಳಿದರೆ, ಇದು ಮನೆ ವ್ಯವಹಾರವೇ ಹೊರತು ಆರೈಕೆ ಅಲ್ಲ.

ಆರೈಕೆ ಶುರುವಾಗುವುದು 'ಅಸಿಸ್ಟೆಡ್ ಲಿವಿಂಗ್'ನಿಂದ. ಅಸಿಸ್ಟ್, ಅಂದರೆ ನೆರವು. ಯಾವುದಕ್ಕೆ ನೆರವು? 1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಆರು ಕೆಲಸಗಳ ಒಂದು ಅಳತೆ ಕೊಟ್ಟರು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ತುತ್ತು ಬಾಯಿಗಿಡುವುದು. ಸಾಮಾನ್ಯವಾಗಿ ಕೈತಪ್ಪುವುದೂ ಇದೇ ಕ್ರಮದಲ್ಲಿ, ಮೊದಲು ಸ್ನಾನ, ಕೊನೆಗೆ ಊಟ. ಮಗು ಕಲಿಯುವುದು ಇದರ ತಿರುಗುಮುರುಗು, ಅಲ್ವಾ? ಈ ಆರರಲ್ಲಿ ಒಂದೆರಡಕ್ಕೆ ಇನ್ನೊಬ್ಬರ ಕೈ ಬೇಕಾದರೆ, ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಯಾರಾದರೂ ಕೊಡಬೇಕಾದರೆ, ಅದು ಅಸಿಸ್ಟೆಡ್ ಲಿವಿಂಗ್‌ನ ಕೆಲಸ.

ಮೂಗಿನ ನಳಿಕೆಯಲ್ಲಿ ಊಟ, ಮೂತ್ರಕ್ಕೆ ಹಾಕುವ ನಳಿಕೆ (ಕ್ಯಾಥೆಟರ್), ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಬಂದರೆ ಬರೀ ಆಯಾ ಸಾಲದು, ತರಬೇತಿ ಪಡೆದ ನರ್ಸ್ ಬೇಕು. ಅಮೆರಿಕದ ಮಗ ಹೇಳಿದ ನರ್ಸಿಂಗ್ ಹೋಮ್ ಇದು. ಅಂದ ಹಾಗೆ, ನಮ್ಮಲ್ಲಿ ಮನೆಗೆ ಬರುವ 'ಹೋಮ್ ನರ್ಸ್' ಎಷ್ಟೋ ಸಲ ನರ್ಸಿಂಗ್ ಓದಿದವರೇ ಅಲ್ಲ. ಕೇಳಿ ತಿಳಿದುಕೊಳ್ಳಿ.

ಮರೆವಿನ ಕಾಯಿಲೆಗೆ ಲೆಕ್ಕವೇ ಬೇರೆ. ಡಿಮೆನ್ಶಿಯಾ ಇರುವವರಿಗೆ ಕಾಲು ಗಟ್ಟಿ ಇರಬಹುದು, ಅದೇ ಕಷ್ಟ. ಗೇಟು ದಾಟಿ ಹೋದರೆ ವಾಪಸ್ ಬರುವ ದಾರಿ ಗೊತ್ತಾಗುವುದಿಲ್ಲ. ಅವರಿಗೆ ಬೇಕಾದದ್ದು ಹಗಲು ರಾತ್ರಿ ಕಣ್ಣಿಡುವವರು, ಒಂದೇ ಥರದ ದಿನಚರಿ, ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ರೇಗದ ಜನ.

ಹಾಸ್ಪಿಸ್ ಅನ್ನುವುದು ವಾಸಿಯಾಗದ ಕಾಯಿಲೆಯ ಕೊನೆಯ ದಿನಗಳಿಗೆ. ಬೆಂಗಳೂರಿನ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಅಲ್ಲಿ ವಯಸ್ಸು ಮುಖ್ಯವಲ್ಲ, ನೋವು ಕಡಿಮೆ ಮಾಡುವುದು ಮುಖ್ಯ.

ಇನ್ನು 'ರೆಸ್ಪೈಟ್ ಕೇರ್' ನೋಡಿಕೊಳ್ಳುವವರಿಗಾಗಿ ಇರುವ ಬಿಡುವು. ಸೊಸೆ ತವರಿನ ಮದುವೆಗೆ ಹೋಗಿ ಬರುವ ಹದಿನೈದು ದಿನ ಅತ್ತೆಯನ್ನು ಇಂಥ ಆರೈಕೆ ಕೊಡುವ ಜಾಗದಲ್ಲಿ ಬಿಟ್ಟು ಹೋಗಬಹುದು.

ಬೋರ್ಡಿನ ಮೇಲೆ ಇವುಗಳಲ್ಲಿ ಯಾವ ಹೆಸರು ಬೇಕಾದರೂ ಇರಬಹುದು. ನೋಡಲು ಹೋದಾಗ ಗಾರ್ಡನ್ ಆಮೇಲೆ ನೋಡಿ. ರಾತ್ರಿ ಎರಡು ಗಂಟೆಗೆ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ ಎಚ್ಚರ ಇರುತ್ತಾರೆ ಅಂತ ಕೇಳಿ. ಆಮೇಲೆ ಇನ್ನೊಂದು: "ಅಮ್ಮ ನಾಳೆ ಹಾಸಿಗೆ ಹಿಡಿದರೆ ಇಲ್ಲೇ ಇಟ್ಟುಕೊಳ್ಳುತ್ತೀರಾ, ಇಲ್ಲ ಕರೆದುಕೊಂಡು ಹೋಗಿ ಅನ್ನುತ್ತೀರಾ?" ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ.